ಕ್ಯಾಮೆರಾದ ಹಿಂದೆ ನಿಂತವರು: ‘ಕ್ಯಾಮೆರಾಪರ್ಸನ್’ ಬ್ಲೂ-ರೇ

ಅಮೆರಿಕದ ಛಾಯಾಗ್ರಾಹಕಿ ಕರ್ಸ್ಟನ್ ಜಾನ್ಸನ್ ಸುಮಾರು 25 ವರ್ಷ ಇತರ ನಿರ್ದೇಶಕರ ಸಾಕ್ಷ್ಯಚಿತ್ರಗಳಿಗಾಗಿ ಸೆರೆಹಿಡಿದ ದೃಶ್ಯಗಳಿಂದ ಆಯ್ದು, ತಮ್ಮ ಮನೆಯವರ ಚಿತ್ರಣವನ್ನೂ ಬೆರೆಸಿ 2016ರಲ್ಲಿ ರೂಪಿಸಿದ 102 ನಿಮಿಷಗಳ ಚಿತ್ರ ‘ಕ್ಯಾಮೆರಾಪರ್ಸನ್’. ಕ್ರೈಟೀರಿಯನ್ ಸಂಸ್ಥೆ 2017ರಲ್ಲಿ ಅದರ ಬ್ಲೂ-ರೇ ಡಿಸ್ಕ್ ಹೊರತಂದಿತು.

ನಿರೂಪಣೆಯ ಧ್ವನಿ ಇಲ್ಲದ ಈ ಚಿತ್ರದಲ್ಲಿ ಜಾನ್ಸನ್ ಅವರ ಮುಖವೂ ಕಾಣಿಸುವುದು ಅಪರೂಪ. ಆದರೂ ಅವರು ಪ್ರತಿ ಚೌಕಟ್ಟಿನಲ್ಲಿ ಇದ್ದಾರೆ: ಅಡ್ಡ ಬಂದ ಹುಲ್ಲನ್ನು ಕೈಚಾಚಿ ಕೀಳುತ್ತಾರೆ, ಮಿಂಚಿಗಾಗಿ ಕಾದು ನಿಂತಾಗ ಸೀನಿ ಕ್ಯಾಮೆರಾ ಅಲುಗಿಸುತ್ತಾರೆ. ಸಾಮಾನ್ಯವಾಗಿ ಸಂಕಲನಕಾರರು ಕತ್ತರಿಸಿ ಎಸೆಯುವ ಇಂಥ ತುಣುಕುಗಳೇ ಇಲ್ಲಿ ಚಿತ್ರದ ಜೀವಾಳ. ಬೋಸ್ನಿಯಾದ ಒಂದು ಮನೆಯಲ್ಲಿ ಪುಟ್ಟ ಮಗು ಕೊಡಲಿ ಹಿಡಿದು ಆಡುವಾಗ ಕ್ಯಾಮೆರಾದ ಹಿಂದಿನಿಂದ ಗಾಬರಿಯ ಉದ್ಗಾರ ಕೇಳುತ್ತದೆ, ಆದರೆ ಚಿತ್ರೀಕರಣ ನಿಲ್ಲುವುದಿಲ್ಲ. ನೈಜೀರಿಯಾದ ಹೆರಿಗೆ ಆಸ್ಪತ್ರೆಯಲ್ಲಿ ಉಸಿರಿಗಾಗಿ ಹೆಣಗುವ ನವಜಾತ ಶಿಶುವನ್ನು ತೋರಿಸುವ ದೃಶ್ಯವಂತೂ, ನೆರವಾಗಬೇಕೋ ಚಿತ್ರೀಕರಿಸಬೇಕೋ ಎಂಬ ಈ ವೃತ್ತಿಯ ಹಳೆಯ ಸಂಕಟವನ್ನು ಯಾವ ವ್ಯಾಖ್ಯಾನವೂ ಇಲ್ಲದೆ ನಮ್ಮ ಮುಂದಿಡುತ್ತದೆ. ನಾನು ಅದನ್ನು ಎರಡನೆಯ ಬಾರಿ ನೋಡಲಾರದೆ ಮುಂದಕ್ಕೆ ಓಡಿಸಿದೆ. ಮರೆವಿನ ಕಾಯಿಲೆಗೆ ತುತ್ತಾದ ಜಾನ್ಸನ್ ಅವರ ತಾಯಿಯನ್ನು ಅದೇ ಕ್ಯಾಮೆರಾ ನೋಡುವಾಗ, ಪರರ ದುಃಖವನ್ನು ನೋಡಿ ಪಳಗಿದ ಕಣ್ಣು ಸ್ವಂತ ಮನೆಯಲ್ಲಿ ತಡವರಿಸುವುದು ತಿಳಿಯುತ್ತದೆ.

ನನ್ನದೊಂದು ತಕರಾರು ಇದೆ. ದೃಶ್ಯಗಳ ಆರಂಭದಲ್ಲಿ ಬಹುತೇಕ ಊರಿನ ಹೆಸರಷ್ಟೇ ಬರುವುದರಿಂದ, ಯಾವುದು ಯಾವ ಕಾಲದ್ದು, ಜಾನ್ಸನ್ ಅವರ ಕೆಲಸ ಹೇಗೆ ಮಾಗುತ್ತ ಬಂತು ಎಂಬುದನ್ನು ಹಿಡಿಯುವುದು ಕಷ್ಟ. ಲಾರಾ ಪೊಯ್ಟ್ರಸ್ ಅವರಂಥ ನಿರ್ದೇಶಕರೊಂದಿಗೆ ದುಡಿದವರ ವೃತ್ತಿಪಯಣವನ್ನು ಅಭ್ಯಾಸ ಮಾಡಬಯಸುವ ವಿದ್ಯಾರ್ಥಿಗೆ ಇದು ತೊಡಕೇ ಸರಿ.

ಆ ಕೊರತೆಯನ್ನು ಡಿಸ್ಕಿನ ಹೆಚ್ಚುವರಿ ಸಾಮಗ್ರಿ ಸ್ವಲ್ಪಮಟ್ಟಿಗೆ ತುಂಬುತ್ತದೆ. ಚದುರಿದ ತುಣುಕುಗಳು ಒಂದು ಚಿತ್ರವಾದ ಬಗೆಯನ್ನು ವಿವರಿಸುವ ಸಂಕಲನದ ಭಾಗವೇ ನನ್ನ ದೃಷ್ಟಿಯಲ್ಲಿ ಕೊಟ್ಟ ಹಣಕ್ಕೆ ಸಿಗುವ ತಕ್ಕ ಪ್ರತಿಫಲ. ಕಾಬೂಲಿನ ಆಕಾಶದಲ್ಲಿ ತೇಲುತ್ತಿದ್ದ ಅಮೆರಿಕನ್ ಸೇನೆಯ ಕಣ್ಗಾವಲು ಬಲೂನಿನ ಕುರಿತ ಜಾನ್ಸನ್ ಅವರ ಕಿರುಚಿತ್ರವೂ ಜೊತೆಗಿದೆ.

ಕೊಳ್ಳುವ ಮುನ್ನ ಒಂದು ಎಚ್ಚರಿಕೆ: ಅನೇಕ ಬ್ಲೂ-ರೇ ಡಿಸ್ಕುಗಳು ತಮ್ಮ ಮಾರಾಟ ವಲಯದ ಪ್ಲೇಯರಿನಲ್ಲಷ್ಟೇ ಓಡುತ್ತವೆ; ಈ ಡಿಸ್ಕ್ ‘ಎ’ ವಲಯದ್ದು, ಭಾರತ ‘ಸಿ’ ವಲಯದಲ್ಲಿದೆ. ಎಲ್ಲ ವಲಯಗಳ ಡಿಸ್ಕುಗಳನ್ನೂ ಓದುವ ಪ್ಲೇಯರ್ ಇಲ್ಲದವರು ತರಿಸಿಕೊಂಡರೆ ಪೆಟ್ಟಿಗೆಯನ್ನಷ್ಟೇ ನೋಡಬೇಕಾದೀತು.