‘ಇದು ನಿಮ್ಗಲ್ಲ ಕಣಣ್ಣ’ ಅಂದ ಟೆಂಡರ್ ಅಂಗಡಿ

ಬೋರ್ಡಿನ ಮೇಲೆ ಅಂಗಡಿಯ ಹೆಸರೇ ಇಲ್ಲ. ‘ಟೆಂಡರ್, ಜಿಎಸ್‌ಟಿ, ಡಿಎಸ್‌ಸಿ, ಉದ್ಯಮ್’ ಅಂತ ನಾಲ್ಕು ಪದ (ಡಿಎಸ್‌ಸಿ ಅಂದರೆ ಡಿಜಿಟಲ್ ಸಹಿ, ಉದ್ಯಮ್ ಅಂದರೆ ಸಣ್ಣ ಉದ್ಯಮದ ಸರ್ಕಾರಿ ನೋಂದಣಿ), ಕೆಳಗೆ ಕೆಂಪಕ್ಷರದಲ್ಲಿ ‘ಜೆರಾಕ್ಸ್ ಇಲ್ಲ’. ಹಾಸನದ ಸಂತೆಪೇಟೆ ಕಡೆ, ಪಾತ್ರೆ ಅಂಗಡಿಯ ಮಹಡಿ ಮೇಲೆ ಎರಡು ಕಂಪ್ಯೂಟರ್, ಒಂದು ಸ್ಕ್ಯಾನರ್, ಮೂರು ಪ್ಲಾಸ್ಟಿಕ್ ಕುರ್ಚಿ. ನಮ್ಮಂಥವರಿಗೆ ಆನ್‌ಲೈನಲ್ಲಿ ಸರ್ಕಾರಿ ಟೆಂಡರ್ ಹಾಕಿಕೊಡೋದು ಇಲ್ಲಿನ ಕೆಲಸ. ನಡೆಸೋದು ಒಬ್ಬ ಹೆಣ್ಣುಮಗಳು. ನಾವೆಲ್ಲ ‘ಟೆಂಡರ್ ಅಕ್ಕ’ ಅಂತೀವಿ, ವಯಸ್ಸಲ್ಲಿ ನನಗಿಂತ ಚಿಕ್ಕವರೇ. ಎರಡು ವರ್ಷದಿಂದ ಹೋಗ್ತಿದ್ದೀನಿ. ಐದಕ್ಕೆ ನಾಲ್ಕು ಸ್ಟಾರ್.

ನನ್ನದು ಫ್ಯಾಬ್ರಿಕೇಶನ್ ಶೆಡ್. ಗೇಟು, ಗ್ರಿಲ್ಲು, ಶಾಲೆ ಡೆಸ್ಕು, ಹಾಸ್ಟೆಲ್ ಮಂಚ. ನಾನು, ಇಬ್ಬರು ವೆಲ್ಡರು, ಪಾಲಿಶ್‌ಗೆ ಒಬ್ಬ ಹುಡುಗ. ಮೊದಲೆಲ್ಲ ದೊಡ್ಡ ಕಂಟ್ರಾಕ್ಟರ್ ಕೈಕೆಳಗೆ ಮಾಡಿಕೊಡ್ತಿದ್ದೆ. ನನ್ನ ಡೆಸ್ಕು ಸರ್ಕಾರಕ್ಕೆ ಎಷ್ಟಕ್ಕೆ ಹೋಗುತ್ತೆ ಅನ್ನೋ ವರ್ಕ್ ಆರ್ಡರ್ ಒಂದು ದಿನ ಅಕಸ್ಮಾತ್ ಕಣ್ಣಿಗೆ ಬಿತ್ತು. ಆವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಮೊದಲ ಟೆಂಡರ್ ನಾನೇ ಹಾಕಿದ್ದು, ನೆಂಟರ ಹುಡುಗನ ಲ್ಯಾಪ್‌ಟಾಪಲ್ಲಿ. ರಾಜ್ಯದ ಇಲಾಖೆ, ನಿಗಮಗಳ ಟೆಂಡರ್ ಕೆಪಿಪಿಪಿ ಅನ್ನೋ ರಾಜ್ಯದ ಖರೀದಿ ಪೋರ್ಟಲ್‌ನಲ್ಲಿ ಬರುತ್ತೆ, ಇದಕ್ಕೆಲ್ಲ 1999ರ ಪಾರದರ್ಶಕತೆ ಕಾಯ್ದೆಯೇ ಬುನಾದಿ. ಎರಡು ಕವರ್: ಟೆಕ್ನಿಕಲ್‌ನಲ್ಲಿ ನಮ್ಮ ಯೋಗ್ಯತೆಯ ಕಾಗದಪತ್ರ, ಫೈನಾನ್ಶಿಯಲ್‌ನಲ್ಲಿ ದರ. ಮೊದಲನೇದರಲ್ಲಿ ಪಾಸಾದವರದ್ದು ಮಾತ್ರ ಎರಡನೇದು ತೆರೀತಾರೆ. ನಾನು ಲೆಟರ್‌ಹೆಡ್ ಮೇಲೆ ಅಚ್ಚುಕಟ್ಟಾಗಿ ದರಪಟ್ಟಿ ಬರೆದು, ಸೀಲು ಒತ್ತಿ, ಟೆಕ್ನಿಕಲ್ ಕಡೆಗೇ ಏರಿಸಿಬಿಟ್ಟೆ. ರಿಜೆಕ್ಟ್. ಯಾರನ್ನ ಬೈಯೋದು, ಟೆಂಡರ್ ದಾಖಲೆಯಲ್ಲಿ ದಪ್ಪಕ್ಷರದಲ್ಲೇ ಬರೆದಿದ್ದರು.

ಆಮೇಲೆ ಹುಡುಕಿಕೊಂಡು ಹೋಗಿದ್ದು ಈ ಅಂಗಡಿಗೆ. ಹಾಸ್ಟೆಲ್‌ಗಳಿಗೆ ಎರಡಂತಸ್ತಿನ ಮಂಚ, 38 ಲಕ್ಷದ ಟೆಂಡರ್ ಹಿಡಕೊಂಡು ಹೋಗಿದ್ದೆ. ಅಕ್ಕ ಇಡೀ ದಾಖಲೆ ಪ್ರಿಂಟ್ ತೆಗೆದು, ಹಸಿರು ಪೆನ್ನಲ್ಲಿ ನಾಲ್ಕು ಕಡೆ ಗೀಟು ಹಾಕಿದರು. ಹಿಂದಿನ ವರ್ಷಗಳ ವಹಿವಾಟು, ಇದೇ ಥರದ ಕೆಲಸ ಮುಗಿಸಿದ ಸರ್ಟಿಫಿಕೇಟು, ಇಎಂಡಿ ಅಂದರೆ ಟೆಂಡರ್ ಜೊತೆ ಇಡೋ ಠೇವಣಿ, ಬಿಲ್ ಪಾವತಿಯ ಷರತ್ತು. ‘ಮಾಲಿಗೇ 22 ಲಕ್ಷ ಹಾಕ್ಬೇಕು. ಬಿಲ್ಲು ಆರು ತಿಂಗಳು ನಿಂತರೆ ಬಡ್ಡಿ ಯಾರು ಕಟ್ತಾರೆ? ಇದು ನಿಮ್ಗಲ್ಲ ಕಣಣ್ಣ, ಚಿಕ್ಕದು ಬರ್ಲಿ ಬನ್ನಿ.’ ಪ್ರಿಂಟಿಗೆ ಅಂತ ಇಪ್ಪತ್ತು ರೂಪಾಯಿ ತಗೊಂಡರು, ಅಷ್ಟೇ. ಬೇರೆ ಕಡೆ ಆಗಿದ್ದರೆ ಫೀಸು ತಗೊಂಡು ಹಾಕಿಕೊಟ್ಟು ‘ದೇವರಿದ್ದಾನೆ’ ಅನ್ನೋರು. ನಾಲ್ಕರಲ್ಲಿ ಎರಡು ಸ್ಟಾರ್ ಈ ಮಾತಿಗೇ ಕೊಟ್ಟಿದ್ದು.

ಅವತ್ತೇ ಇನ್ನೊಂದು ಕಂಡುಹಿಡಿದರು. ನನ್ನ ಉದ್ಯಮ್ ಸರ್ಟಿಫಿಕೇಟಲ್ಲಿ ‘ತಯಾರಿಕೆ’ ಅಂತ ಇರಬೇಕಾದ ಕಡೆ ‘ವ್ಯಾಪಾರ’ ಅಂತಿತ್ತು. ಯಾವುದೋ ಸೈಬರ್‌ನಲ್ಲಿ 500 ರೂಪಾಯಿ ಕೊಟ್ಟು ಮಾಡಿಸಿದ್ದು. ಅಸಲಿಗೆ ಸರ್ಕಾರದ ಸೈಟಲ್ಲಿ ಅದಕ್ಕೆ ನಯಾಪೈಸೆ ಇಲ್ಲ. ಈ ಒಂದು ಪದದಿಂದ ಏನೇನು ಹೋಗುತ್ತೆ ಗೊತ್ತಾ? ಕೇಂದ್ರ ಸರ್ಕಾರದ 2012ರ ಆದೇಶದ ಪ್ರಕಾರ ಅವರ ಇಲಾಖೆಗಳು, ಕಂಪನಿಗಳು ವರ್ಷದ ಖರೀದಿಯಲ್ಲಿ 25 ಪರ್ಸೆಂಟ್ ಸಣ್ಣ, ಅತಿಸಣ್ಣ ಉದ್ಯಮದಿಂದ ತಗೋಬೇಕು. ಅದರೊಳಗೇ 4 ಪರ್ಸೆಂಟ್ ಎಸ್‌ಸಿ-ಎಸ್‌ಟಿ ಮಾಲೀಕರಿಗೆ, 3 ಪರ್ಸೆಂಟ್ ಮಹಿಳೆಯರಿಗೆ. ನಾವು ಇಎಂಡಿ ಕಟ್ಟಬೇಕಾಗಿಲ್ಲ. ಕಡಿಮೆ ದರ ಹಾಕಿದವನು ದೊಡ್ಡ ಕಂಪನಿ ಆಗಿದ್ದು, ನಮ್ಮ ದರ ಅವನದಕ್ಕಿಂತ 15 ಪರ್ಸೆಂಟ್ ಒಳಗಿದ್ದರೆ, ಅವನ ದರಕ್ಕೆ ಇಳಿದು ಒಂದು ಪಾಲು ಸರಬರಾಜು ಮಾಡೋ ಅವಕಾಶವೂ ಉಂಟು. ಇದೆಲ್ಲ ತಯಾರಕರಿಗೆ; ಕೊಂಡು ಮಾರೋರಿಗಲ್ಲ. ಕೇಂದ್ರ ಸರ್ಕಾರದ ಖರೀದಿ ಪೋರ್ಟಲ್ ‘ಜೆಮ್’ನಲ್ಲಿ ಬಿಡ್ ಹಾಕುವಾಗ ಈ ಸವಲತ್ತು ಕೇಳೋಕೆ ಈ ಸರ್ಟಿಫಿಕೇಟು ಬೇಕು. ರಾಜ್ಯದ ಟೆಂಡರಿಗೆ ಇದನ್ನೇ ನಂಬಿಕೊಂಡು ಹೋಗಬೇಡಿ, ಅಲ್ಲಿ ಆಯಾ ಟೆಂಡರ್ ದಾಖಲೆ ಏನು ಹೇಳುತ್ತೋ ಅದು. ತಿದ್ದುಪಡಿ ಅಕ್ಕನೇ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ.

ಚಿಕ್ಕದು ಬಂತು: 140 ಡೆಸ್ಕು. ಒಂದು ಡೆಸ್ಕಿಗೆ ನನ್ನ ಲೆಕ್ಕ ರೂಪಾಯಿಯಲ್ಲಿ ಹೀಗಿತ್ತು: ಪೈಪು 1,224, ಪ್ಲೈವುಡ್ 1,150, ಪೌಡರ್ ಕೋಟಿಂಗ್ 320, ಕೂಲಿ 550, ಸಾಗಾಣಿಕೆ 110. ಒಟ್ಟು 3,354. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: ‘ಎಲ್ಲಿಗೆ ಇಳಿಸ್ಬೇಕು ಅಂತ ಓದಿದ್ರಾ ಅಣ್ಣ?’ ಓದಿರಲಿಲ್ಲ. ಒಂದು ಗೋಡೌನಿಗಲ್ಲ, 23 ಶಾಲೆಗೆ. ಅದರಲ್ಲಿ ಎಂಟು ಸಕಲೇಶಪುರದ ಹೆತ್ತೂರು ಹೋಬಳಿ ಕಡೆ, ಅದೂ ಜುಲೈನಲ್ಲಿ. ಆ ಮಳೆಗೆ ಟಾರ್ಪಾಲು, ಸಣ್ಣ ಗಾಡಿ, ಇಳಿಸೋಕೆ ಇಬ್ಬರು ಆಳು ಅಂದರೆ 110 ಇದ್ದಿದ್ದು 260 ಆಯ್ತು. ನನ್ನ ಲಾಭ ಸೇರಿಸಿ 3,780 ಹಾಕಿದೆ, ಜಿಎಸ್‌ಟಿ ಬೇರೆ. ಆರ್ಡರ್ ನನಗೇ ಆಯ್ತು.

ಬಿಲ್ಲಲ್ಲಿ 10,584 ರೂಪಾಯಿ ಕಡಿಮೆ ಬಂದಾಗ ಎದೆ ಧಸಕ್ಕೆಂದಿತ್ತು. ಎರಡೂವರೆ ಲಕ್ಷ ದಾಟಿದ ಕಾಂಟ್ರಾಕ್ಟಿಗೆ ಸರ್ಕಾರ 2 ಪರ್ಸೆಂಟ್ ಜಿಎಸ್‌ಟಿ ಟಿಡಿಎಸ್, ಅಂದರೆ ಬಿಲ್ಲಲ್ಲೇ ಮುರಿದುಕೊಳ್ಳೋ ತೆರಿಗೆ, ಹಿಡಿಯುತ್ತಂತೆ. ಜಿಎಸ್‌ಟಿ ಪೋರ್ಟಲಲ್ಲಿ ಒಪ್ಪಿಕೊಂಡರೆ ಅಲ್ಲಿನ ನಮ್ಮ ಖಾತೆಗೆ, ಅಂದರೆ ಕ್ಯಾಶ್ ಲೆಡ್ಜರಿಗೆ, ವಾಪಸ್ ಬರುತ್ತೆ. ಅದನ್ನೂ ಇಲ್ಲೇ ಕಲಿತೆ. ಇನ್ನು ಬಿಲ್ಲು ಬಂದಿದ್ದು 97ನೇ ದಿನಕ್ಕೆ. ಕಾನೂನು ಹೆಚ್ಚೆಂದರೆ 45 ದಿನ ಅನ್ನುತ್ತೆ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಸರ್ಕಾರದ ಪೋರ್ಟಲಲ್ಲಿ ದೂರು ಕೊಡಬಹುದು. ಅಕ್ಕ ಅರ್ಜಿ ತುಂಬಿಸಿಕೊಡ್ತೀನಿ ಅಂದರು. ನಾನೇ ಬೇಡ ಅಂದೆ. ನಾಳೆ ಅದೇ ಟೇಬಲ್ ಮುಂದೆ ನಿಲ್ಲಬೇಕಲ್ಲ.

ಈಗ ಆ ಒಂದು ಸ್ಟಾರ್ ವಿಷಯ. ಮೇಜಿನ ಡ್ರಾಯರಲ್ಲಿ ಹಳೇ ಬಿಸ್ಕತ್ ಡಬ್ಬ ಇದೆ. ಅದರ ತುಂಬ ಗಿರಾಕಿಗಳ ಡಿಎಸ್‌ಸಿ ಟೋಕನ್, ಪೆನ್‌ಡ್ರೈವ್ ಥರದವು. ಒಂದೊಂದಕ್ಕೂ ಬಿಳಿ ಪ್ಲಾಸ್ಟರ್ ಸುತ್ತಿ ಹೆಸರು, ಅದರ ಕೆಳಗೇ ಪಿನ್ ನಂಬರು! ಡಿಜಿಟಲ್ ಸಹಿ ಅಂದರೆ ಕಾನೂನಿನ ಕಣ್ಣಲ್ಲಿ ನಮ್ಮ ಕೈಸಹಿಯೇ. ಖಾಲಿ ಚೆಕ್ಕಿಗೆ ಸಹಿ ಹಾಕಿ ಬಿಟ್ಟು ಬಂದ ಹಾಗೆ ಇದು. ನನ್ನದು ವಾಪಸ್ ಕೇಳಿದಾಗ ಅಕ್ಕ ಸ್ವಲ್ಪ ಸಿಡಿಮಿಡಿಗೊಂಡರು: ‘ಕಡೇ ದಿನ ಸಂಜೆ ಆರಾಂಸೆ ಶೆಡ್ಡಲ್ಲಿ ಕೂತ್ಕೊಂಡು ಫೋನ್ ಮಾಡೋರು ನೀವೇ, ಆಗ ನಾನೇನ್ ಮಾಡ್ಲಿ?’ ಅದೂ ಸುಳ್ಳಲ್ಲ. ಆದರೂ ಟೋಕನ್ ಈಗ ನನ್ನ ಬೀಗದ ಕೈ ಗೊಂಚಲಲ್ಲಿದೆ, ಪ್ಲಾಸ್ಟರ್ ಕಿತ್ತು ಪಿನ್ನೂ ಬದಲಾಯಿಸಿದ್ದೀನಿ.

ಇನ್ನೊಂದು ಭಯ ಇತ್ತು. ಡೆಸ್ಕು ಮಾಡೋ ಇನ್ನಿಬ್ಬರೂ ಇಲ್ಲಿಗೇ ಬರ್ತಾರೆ, ಒಂದೇ ಕುರ್ಚಿಯಲ್ಲಿ ಕೂತು ಒಂದೇ ಟೆಂಡರ್ ಹಾಕ್ತೀವಿ. ನನ್ನ ರೇಟು ಅವರಿಗೆ ಹೋದರೆ? ಅದಕ್ಕೆ ಅಕ್ಕನದೊಂದು ಪದ್ಧತಿ ಇದೆ. ಎಲ್ಲ ಏರಿಸಿ, ದರದ ಪುಟ ಬಂದ ತಕ್ಷಣ ಕೀಬೋರ್ಡ್ ನಮ್ಮ ಕಡೆ ತಳ್ಳಿ, ಫ್ಲಾಸ್ಕ್ ಎತ್ತಿಕೊಂಡು ಕಿಟಕಿ ಹತ್ತಿರ ಹೋಗಿ ನಿಲ್ತಾರೆ. ಬೀದಿ ನೋಡ್ತಾ ‘ಆಯ್ತಾ ಅಣ್ಣ?’ ಅಂತ ಕೇಳ್ತಾರೆ. ಆಯ್ತು ಅಂದ ಮೇಲೇ ತಿರುಗೋದು. ಹೋದ ಸಲ ಎರಡು ಬೆರಳಲ್ಲಿ ಒತ್ತೊತ್ತಿ ನನಗೆ ಹತ್ತು ನಿಮಿಷ ಹಿಡೀತು, ಅಷ್ಟೂ ಹೊತ್ತು ಬೆನ್ನು ಹಾಕಿಕೊಂಡೇ ನಿಂತಿದ್ದರು.

ಫೀಸು: ಕೆಪಿಪಿಪಿ ಟೆಂಡರಿಗೆ 1,000, ಜೆಮ್ ಬಿಡ್ಡಿಗೆ 600, ಆರ್ಡರ್ ಬಂದರೆ ಪರ್ಸೆಂಟೇಜ್ ಅಂತೆಲ್ಲ ಕೇಳಲ್ಲ. ಕಡೇ ದಿನ ಹೋಗಬೇಡಿ, ಇಎಂಡಿ ದುಡ್ಡು ಬ್ಯಾಂಕಿಂದ ಸಕಾಲಕ್ಕೆ ತಲುಪದೇ ಒದ್ದಾಡಿದವರನ್ನ ಆ ಕುರ್ಚಿಗಳಲ್ಲೇ ನೋಡಿದ್ದೀನಿ. ಬೈಕು ಪಾತ್ರೆ ಅಂಗಡಿ ಮುಂದೆ ನಿಲ್ಲಿಸಿದರೆ ಕೆಳಗಿನವರು ಬೈತಾರೆ.