ಬೆಳಗಿನ ಉಪಾಹಾರ ಕೂಟ: ಸದಸ್ಯತ್ವದ ಗುಂಪೋ, ಮುಕ್ತ ಕೂಟವೋ?

ಪರಿಚಯ ಬೆಳೆಸಿಕೊಂಡು ಗಿರಾಕಿ ಹುಡುಕಿಕೊಳ್ಳಲು ಸಣ್ಣ ವ್ಯಾಪಾರಿಗಳು ಸೇರುವ ಉಪಾಹಾರ ಕೂಟಗಳಲ್ಲಿ ಮುಖ್ಯವಾಗಿ ಎರಡು ಬಗೆ. 1985ರಲ್ಲಿ ಅಮೆರಿಕದಲ್ಲಿ ಶುರುವಾದ ಬಿಎನ್‌ಐ (ಬಿಸಿನೆಸ್ ನೆಟ್‌ವರ್ಕ್ ಇಂಟರ್‌ನ್ಯಾಷನಲ್ ಎಂಬ ವ್ಯಾಪಾರಿಗಳ ಸಂಸ್ಥೆ) ಮಾದರಿಯ ಸದಸ್ಯತ್ವದ ಗುಂಪಿನಲ್ಲಿ ಒಂದು ವೃತ್ತಿಗೆ ಒಬ್ಬರಿಗೇ ಜಾಗ. ವಾರವಾರವೂ ಅದೇ ಮುಖಗಳನ್ನು ಕಾಣುವುದರಿಂದ ನಂಬಿಕೆ ಬೆಳೆಯುತ್ತದೆ. ತಮ್ಮ ಗಿರಾಕಿಯನ್ನು ನಿಮ್ಮ ಬಳಿ ಕಳಿಸಲು ಯಾರೂ ಅಷ್ಟಾಗಿ ಹಿಂಜರಿಯುವುದಿಲ್ಲ. ಆದರೆ ಶುಲ್ಕವಿದೆ, ಹಾಜರಿಯ ಕಟ್ಟುಪಾಡಿದೆ, ನೀವೂ ಇತರರಿಗೆ ಗಿರಾಕಿ ಹುಡುಕಿಕೊಡಬೇಕು. ಬೆಳಿಗ್ಗೆ ಬೇಗ ಅಂಗಡಿ ತೆರೆಯುವವರಿಗೆ ಇದು ನಿಜಕ್ಕೂ ಕಷ್ಟ.

ಮುಕ್ತ ಕೂಟಕ್ಕೆ ಬೇಕೆಂದಾಗ ಹೋಗಬಹುದು. ಹೊಸಬರು ಸಿಗುತ್ತಾರೆ; ಪರಿಚಯ ಮಾತ್ರ ವಿಸಿಟಿಂಗ್ ಕಾರ್ಡಿನಲ್ಲೇ ನಿಂತುಬಿಡುವುದುಂಟು.

ವಿಮೆ, ಪ್ಲಂಬಿಂಗ್, ಒಳಾಂಗಣ ವಿನ್ಯಾಸದಂತೆ ಬಾಯಿಮಾತಿನ ಶಿಫಾರಸಿನಿಂದಲೇ ನಡೆಯುವ ಕೆಲಸ ನಿಮ್ಮದಾದರೆ ಸದಸ್ಯತ್ವವೇ ಮೇಲು ಅನ್ನುತ್ತೇನೆ. ಹಣ ಕಟ್ಟುವ ಮೊದಲು ಅತಿಥಿಯಾಗಿ ಹೋಗಿ, ನಿಮಗೆ ಬೇಕಾದ ಗಿರಾಕಿಗಳ ಒಡನಾಟವಿರುವವರು ಅಲ್ಲಿ ಎಷ್ಟು ಮಂದಿ ಇದ್ದಾರೆ ನೋಡಿ.