ಅಂಚಿನಲ್ಲಿ ಬರೆಯಲು ಜಾಗವಿರುವ ಬೈಬಲ್: ಮೂರೂಕಾಲು ವರ್ಷ ಬಳಸಿದ ಮೇಲೆ

ಅಮ್ಮ ತೀರಿಕೊಂಡ ಮೇಲೆ ಅವಳ ಬೈಬಲ್ ನನ್ನ ಪಾಲಿಗೆ ಬಂತು. ಕೀರ್ತನೆ 71ರ 18ನೇ ವಚನದ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಗೆರೆ, ಕೆಳಗೆ ತಾರೀಖು: 14-6-1998. ಮುಪ್ಪಾಗಿ ತಲೆ ನರೆತರೂ ಕೈಬಿಡಬೇಡ, ಮುಂದಿನ ತಲೆಮಾರಿಗೆ ನಿನ್ನ ಬಲವನ್ನು ಸಾರುವ ತನಕ ಜೊತೆಗಿರು ಎಂದು ದೇವರನ್ನು ಬೇಡುವ ವಚನ ಅದು. ಹಳೇ ಕ್ಯಾಲೆಂಡರ್ ನೋಡಿದೆ, ಆ ದಿನ ಭಾನುವಾರ. ಆರಾಧನೆಯಲ್ಲಿ ಕೇಳಿದ ಪಾದ್ರಿಯ ಪ್ರಸಂಗವೋ, ನಮಗೆ ಹೇಳದೆ ನುಂಗಿಕೊಂಡ ಸಂಕಟವೋ? ಅಪ್ಪನೂ ಇಲ್ಲ, ಚಿಕ್ಕಮ್ಮನೂ ಇಲ್ಲ. ಹೇಳುವವರು ಯಾರೂ ಉಳಿದಿಲ್ಲ. ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆದರೆ ಆ ಪುಟದಲ್ಲಿ ಬರೆಯಲು ಜಾಗವೇ ಇಲ್ಲ.

ನಾನು ಈ ಬೈಬಲ್ ಕೊಂಡದ್ದು ಅದಕ್ಕೇ. ಪ್ರತಿ ಪುಟದ ಹೊರಬದಿಗೆ ಸುಮಾರು ಎರಡು ಇಂಚು ಖಾಲಿ ಅಂಚು, ಅದರಲ್ಲಿ ತೆಳುವಾದ ಗೆರೆಗಳು. 66 ಪುಸ್ತಕ, 1,189 ಅಧ್ಯಾಯ. ದಿನಕ್ಕೊಂದು ಅಧ್ಯಾಯ ಓದಿ, ಮೊಮ್ಮಗಳಿಗೆಂದು ಎರಡು ಮೂರು ಸಾಲು ಬರೆಯುತ್ತಾ ಬಂದೆ. ಮುಗಿಯಲು ಮೂರು ವರ್ಷ, ಮೂರು ತಿಂಗಳು ಹಿಡಿಯಿತು.

ಮೊದಲು ಹೊಲಿಗೆಯ ಬಗ್ಗೆ ಹೇಳಬೇಕು. ಬೆನ್ನಿಗೆ ಬರೀ ಅಂಟು ಹಾಕಿದ ಪುಸ್ತಕ ಪದೇ ಪದೇ ಅಗಲಿಸಿದರೆ ಹಾಳೆ ಬಿಡುತ್ತದೆ. ಇದು ದಾರದಲ್ಲಿ ಹೊಲಿದದ್ದು. ಆದಿಕಾಂಡದ ಮೊದಲ ಪುಟ ತೆರೆದಿಟ್ಟರೂ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ, ಇನ್ನೊಂದು ಕೈಯಲ್ಲಿ ಒತ್ತಿ ಹಿಡಿಯಬೇಕಿಲ್ಲ. ಇಷ್ಟು ದಿನ ಬಳಸಿದರೂ ಒಂದು ಹಾಳೆಯೂ ಸಡಿಲವಾಗಿಲ್ಲ. ಮಕ್ಕಳ ಕೈ ದಾಟಿ ಮೊಮ್ಮಕ್ಕಳ ಕೈಗೆ ಹೋಗಬೇಕಾದ ಪುಸ್ತಕಕ್ಕೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಕಾಗದ ಮಾಮೂಲಿ ಬೈಬಲ್ ಕಾಗದಕ್ಕಿಂತ ಕೊಂಚ ದಪ್ಪ, ಆದರೂ ತೆಳುವೇ. ಯೆಶಾಯ 40ರಲ್ಲಿ ಜೆಲ್ ಪೆನ್ನಿನಿಂದ ಬರೆದೆ. ಮಾರನೇ ದಿನ ನೋಡಿದರೆ ಶಾಯಿ ಹಾಳೆಯ ಹಿಂಬದಿಗೆ ಇಳಿದು ಅಲ್ಲಿನ ಅಂಚಿನಲ್ಲೆಲ್ಲ ನೀಲಿ ಮಚ್ಚೆ. ಅವತ್ತು ಬಹಳ ನೊಂದುಕೊಂಡೆ. ಆಮೇಲೆ ಸಣ್ಣ ಮೊನೆಯ, ಪಿಗ್ಮೆಂಟ್ (ಬಣ್ಣದ ನುಣ್ಣನೆ ಪುಡಿ ಬೆರೆಸಿದ) ಶಾಯಿಯ ಪೆನ್ನಿಗೆ ಬದಲಾದೆ. ಅದು ಇಳಿಯುವುದಿಲ್ಲ, ಬೆಳಕಿಗೆ ಬೇಗ ಮಾಸುವುದೂ ಇಲ್ಲ. ಯಾವ ಪೆನ್ನಾದರೂ ಕೊನೆಯ ಖಾಲಿ ಹಾಳೆಯಲ್ಲಿ ಗೀಚಿ, ಒಂದು ರಾತ್ರಿ ಬಿಟ್ಟು ನೋಡಿ.

ಅಂಚಿಗೆ ಜಾಗ ಕೊಟ್ಟಿದ್ದರಿಂದ ಅಕ್ಷರ ಸಣ್ಣದಾಗಿದೆ. ಸಂಜೆ ಹೊತ್ತು ನನಗೆ ಕನ್ನಡಕ ಹಾಕಿದರೂ ಕಷ್ಟ. ಮುಂಭಾಗದಲ್ಲಿ ಹುಟ್ಟು, ದೀಕ್ಷಾಸ್ನಾನ, ಮದುವೆ, ಮರಣ ಬರೆದಿಡುವ ಪುಟಗಳಿವೆ. ‘ನನ್ನ ಸಾಕ್ಷಿ’ ಎಂಬುದಕ್ಕೆ ಮಾತ್ರ ಅರ್ಧ ಪುಟ ಬಿಟ್ಟಿದ್ದಾರೆ. ಕರ್ತನು ಒಬ್ಬ ಮನುಷ್ಯನನ್ನು ನಡೆಸಿಕೊಂಡು ಬಂದ ಕಥೆ ಅರ್ಧ ಪುಟದಲ್ಲಿ ಹಿಡಿಸುತ್ತದೆಯೇ? ಹೆಚ್ಚು ಬರೆಯುವವರು ಪುಟಗಳ ನಡುವೆ ಖಾಲಿ ಹಾಳೆ ಸೇರಿಸಿ ಕಟ್ಟಿದ ಬೈಬಲ್ ಹುಡುಕುವುದು ಒಳ್ಳೆಯದು. 18ನೇ ಶತಮಾನದ ದೈವಜ್ಞಾನಿ ಜೊನಾಥನ್ ಎಡ್ವರ್ಡ್ಸ್ ಅಂಥದ್ದರಲ್ಲೇ 5,000ಕ್ಕೂ ಹೆಚ್ಚು ಟಿಪ್ಪಣಿ ಬರೆದರು. ಅದು ಈಗಲೂ ಯೇಲ್ ವಿಶ್ವವಿದ್ಯಾಲಯದಲ್ಲಿದೆ.

ನನ್ನ ಮೊದಲ ಆರು ತಿಂಗಳ ಬರಹ ಪ್ರಸಂಗದ ಹಾಗಿದೆ. ‘ದೇವರು ನಂಬಿಗಸ್ತನು, ಮರೆಯಬೇಡ ಮಗಳೇ’ ಎಂಬ ಧಾಟಿ. ಸುಳ್ಳಲ್ಲ, ಆದರೆ ಅದರಲ್ಲಿ ನಾನಿಲ್ಲ. ಅಮ್ಮನ ಆ ತಾರೀಖು ನೆನಪಾದಾಗಲೆಲ್ಲ ಅದು ಚುಚ್ಚುತ್ತಿತ್ತು. ಆಮೇಲೆ ನಡೆದದ್ದನ್ನೇ ಬರೆಯತೊಡಗಿದೆ. ಅಂಜೂರದ ಮರ ಚಿಗುರದಿದ್ದರೂ ಕರ್ತನಲ್ಲಿ ಆನಂದಿಸುವೆನು ಎನ್ನುವ ಹಬಕ್ಕೂಕ 3ರ ಪಕ್ಕ ಹೀಗಿದೆ: ‘ನಿನ್ನ ಅಪ್ಪನ ಕೆಲಸ ಹೋಗಿ ನಾಲ್ಕು ತಿಂಗಳು. ಇವತ್ತು ನನಗೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಇದನ್ನು ಎರಡು ಸಲ ಓದಿ ಸುಮ್ಮನೆ ಕೂತೆ.’

ಮೊಮ್ಮಗಳಿಗೀಗ ಒಂಬತ್ತು. ಹೋದ ತಿಂಗಳು ಅದೇ ಸಾಲಿನ ಮೇಲೆ ಬೆರಳಿಟ್ಟು, “ತಾತ, ಆಮೇಲೆ ಅಪ್ಪ ಏನ್ಮಾಡಿದ್ರು?” ಅಂದಳು. ಯೊರ್ದನ್ ನದಿಯಿಂದ ಹನ್ನೆರಡು ಕಲ್ಲು ಎತ್ತಿಸಿ ನಿಲ್ಲಿಸಿದ ಇಸ್ರಾಯೇಲರ ನಾಯಕ ಯೆಹೋಶುವನೂ ಇದನ್ನೇ ಅಲ್ಲವೇ ಹೇಳಿದ್ದು: ಮುಂದೆ ಮಕ್ಕಳು ಈ ಕಲ್ಲುಗಳೇನೆಂದು ಕೇಳಿದಾಗ ತಿಳಿಸಿರಿ ಎಂದು. ನಾನು ಉತ್ತರ ಕೊಡಲಿಲ್ಲ, “ಅಪ್ಪನನ್ನೇ ಕೇಳು” ಅಂದೆ. ಬೈಬಲ್ ತೆರೆದು ವರ್ಷಗಳೇ ಆಗಿದ್ದ ನನ್ನ ಮಗ ಆ ಪುಟವನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಜೊತೆ ಒಂದು ಗಂಟೆ ಕೂತಿದ್ದ. ನಾನು ಒಳಗಿನ ಕೋಣೆಯಲ್ಲೇ ಉಳಿದೆ.

ಚಿಕ್ಕ ಮೊಮ್ಮಗನಿಗೆ ಇನ್ನೊಂದು ಪ್ರತಿ ತರಿಸಿದ್ದೇನೆ. ಈ ಸಲ ಪೆನ್ನು ಮೊದಲೇ ಪರೀಕ್ಷಿಸಿ, ಮಾರ್ಕನ ಸುವಾರ್ತೆಯಿಂದ ಶುರುಮಾಡಿದ್ದೇನೆ. ಕೀರ್ತನೆ 71ರ ಪಕ್ಕದಲ್ಲಿ ಮಾತ್ರ ಆಗಲೇ ಅಮ್ಮನ ತಾರೀಖು ಬರೆದು, ನನಗೆ ತಿಳಿದಷ್ಟನ್ನು ಅದರ ಕೆಳಗೆ ಸೇರಿಸಿದ್ದೇನೆ.